ಕಡತ ಇದ್ದಲ್ಲೇ ಇರಲಿ, ಪ್ರಶ್ನೆ ಅಲ್ಲಿಗೆ ಬರಲಿ

ನಾವು ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು. ನಮ್ಮಲ್ಲಿ ಜಿಪಿಗಳು, ಅಂದರೆ ಮನೆ ಡಾಕ್ಟರುಗಳು ಇದ್ದಾರೆ, ನರ್ಸುಗಳಿದ್ದಾರೆ, ಸಾಫ್ಟ್‌ವೇರಿನವರಿದ್ದಾರೆ. ಹೆಚ್ಚಿನವರು ಮಾತ್ರ ಸರ್ಜರಿಯಲ್ಲಿ ಸರದಿಗೆ ಕಾಯುವ ರೋಗಿಗಳು. (ಇಲ್ಲಿ ಜಿಪಿಯ ದವಾಖಾನೆಗೆ ಸರ್ಜರಿ ಎನ್ನುತ್ತಾರೆ, ಊರಿನವರು ಗಾಬರಿಯಾಗಬೇಕಿಲ್ಲ.) ನಮ್ಮ ವೈದ್ಯಕೀಯ ಕಡತಗಳ ಬಗೆಗಿನ ಈ ಚಳವಳಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರಿನ ಚರ್ಚೆಯಲ್ಲೇ ಎರಡು ಸಭೆ ಮುಗಿದವು. ಮೂರನೆಯದರಲ್ಲಿ ಈ ಪ್ರಣಾಳಿಕೆ ಬರೆದೆವು.

ಊರಿನಲ್ಲಿ ಅಮ್ಮನ ಕಾಯಿಲೆಗಳ ಚರಿತ್ರೆಯೆಲ್ಲ ಮೊಳೆಗೆ ನೇತುಹಾಕಿದ ಒಂದು ಪ್ಲಾಸ್ಟಿಕ್ ಕವರಿನಲ್ಲಿರುತ್ತದೆ. ಡಾಕ್ಟರು ಬದಲಾದರೆ ಕವರು ಅಮ್ಮನ ಜೊತೆ ಹೋಗುತ್ತದೆ. ಇಲ್ಲಿ ಕಡತ ಜಿಪಿಯ ಕಂಪ್ಯೂಟರಿನಲ್ಲಿದೆ. ಊರು ಬದಲಿಸಿ ಹೊಸ ಸರ್ಜರಿಗೆ ಸೇರಿದರೆ ನಮ್ಮ ಹಿಂದೆಯೇ ಬರುತ್ತದೆ. ಮಗುವಿನ ಲಸಿಕೆ, ಅಪ್ಪನ ಶುಗರ್, ಗಂಡನಿಗೂ ಹೇಳದೆ ಡಾಕ್ಟರಿಗೆ ಮಾತ್ರ ಹೇಳಿಕೊಂಡ ಸಂಕಟ, ಎಲ್ಲವೂ ಅದರಲ್ಲಿ ದಾಖಲು. ಸಂಶೋಧಕರಿಗೆ ಅದು ನಿಧಿ ಏಕೆ ಎಂದು ನಮಗೆ ಅರ್ಥವಾಗುತ್ತದೆ. ನಮಗೆ ಅದು ಗುಟ್ಟು ಎಂದು ಅವರಿಗೂ ಅರ್ಥವಾಗಬೇಕು.

ಈ ನಿಧಿಯ ಬೆಲೆ ಕಂಪ್ಯೂಟರಿಗಿಂತ ಹಳೆಯದು. 1929ರಲ್ಲಿ ಯಾರ್ಕ್‌ಷೈರಿನ ವೆನ್ಸ್‌ಲಿಡೇಲ್ ಕಣಿವೆಯಲ್ಲಿ ಕಾಮಾಲೆ ಹಬ್ಬಿತು. ಆಯ್ಸ್‌ಗಾರ್ತ್ ಹಳ್ಳಿಯ ವೈದ್ಯ ವಿಲಿಯಂ ಪಿಕಲ್ಸ್ ಯಾರು ಯಾರನ್ನು ಯಾವತ್ತು ಕಂಡರು, ಯಾರು ಯಾವತ್ತು ಮಲಗಿದರು ಎಂದು ಬರೆದಿಟ್ಟರು. ಸೋಂಕು ತಗುಲಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 26ರಿಂದ 35 ದಿನ ಬೇಕು ಎಂಬ ಲೆಕ್ಕ ಅದರಿಂದ ಹೊರಟಿತು. ಆ ನೋಟ್‌ಬುಕ್ ಇದ್ದದ್ದು ಊರಿನ ಡಾಕ್ಟರ ಕೈಯಲ್ಲಿ. ಜಗತ್ತಿಗೆ ಬೇಕಾಗಿದ್ದದ್ದು ಅದರೊಳಗಿನ ಉತ್ತರ. ನಮ್ಮ ಬೇಡಿಕೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

1987ರಲ್ಲಿ ಒಂದು ಕಂಪನಿ ಜಿಪಿಗಳಿಗೆ ಕಂಪ್ಯೂಟರ್ ಕೊಟ್ಟು, ಪ್ರತಿಯಾಗಿ ಹೆಸರು ತೆಗೆದ ಮಾಹಿತಿ ಕೇಳಿತು. ವ್ಯಾಪಾರವೇ ಸರಿ. ಆದರೆ ಮುಂದೆ ಸರ್ಕಾರದ ಕೈಗೆ ಬಂದ ಆ ಸಂಗ್ರಹ ಒಂದು ದೊಡ್ಡ ಭಯಕ್ಕೆ ಉತ್ತರ ಹೇಳಿತು. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಗುಲ್ಲೆಬ್ಬಿಸಿದ 1998ರ ಲೇಖನದಲ್ಲಿ ಇದ್ದದ್ದು 12 ಮಕ್ಕಳು. 2004ರಲ್ಲಿ ಇದೇ ಜಿಪಿ ದಾಖಲೆಗಳಿಂದ ಆಟಿಸಂ ಬಗೆಯ ತೊಂದರೆಯಿದ್ದ 1,294 ಮಂದಿಯನ್ನು ಇತರ 4,469 ಮಂದಿಯೊಂದಿಗೆ ಹೋಲಿಸಿ ನೋಡಿದರು. ನಂಟು ಕಾಣಲಿಲ್ಲ. ಮಗುವಿಗೆ ಸೂಜಿ ಹಾಕಿಸಲೋ ಬೇಡವೋ ಎಂದು ತೊಳಲಾಡುತ್ತಿದ್ದ ತಾಯಂದಿರಿಗೆ ಆ ಉತ್ತರ ಕೊಟ್ಟವರು, ತಮಗೇ ಗೊತ್ತಿಲ್ಲದೆ, ಸಾವಿರಾರು ಅಪರಿಚಿತ ರೋಗಿಗಳು.

2020ರ ಕೋವಿಡ್ ವಸಂತ ನಮ್ಮಲ್ಲಿ ಯಾರಿಗೂ ಮರೆತಿಲ್ಲ. ನಮ್ಮವರೇ ಹೆಚ್ಚು ಸಾಯುತ್ತಿದ್ದಾರೆ ಎಂದು ವಾಟ್ಸಾಪ್ ಗುಂಪುಗಳಲ್ಲಿ ಪಿಸುಮಾತಿತ್ತು. ಓಪನ್‌ಸೇಫ್ಲಿ ಎಂಬ ಏರ್ಪಾಡು ಇಂಗ್ಲೆಂಡಿನ 1.7 ಕೋಟಿಗೂ ಹೆಚ್ಚು ವಯಸ್ಕರ ಜಿಪಿ ದಾಖಲೆ ನೋಡಿ, ವಯಸ್ಸು, ಬಡತನ, ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ದಕ್ಷಿಣ ಏಷ್ಯಾದವರಿಗೆ ಅಪಾಯ ಹೆಚ್ಚು ಎಂದು ತೋರಿಸಿತು. ನಮ್ಮನ್ನು ಒಟ್ಟುಗೂಡಿಸಿದ್ದು ಆ ಫಲಿತಾಂಶಕ್ಕಿಂತ ಹೆಚ್ಚಾಗಿ ಅದರ ವಿಧಾನ. ಕಡತ ಜಿಪಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಕಂಪನಿಯ ಡೇಟಾ ಕೇಂದ್ರ ಬಿಟ್ಟು ಕದಲಲಿಲ್ಲ. ಸಂಶೋಧಕರು ಹುಸಿ ದಾಖಲೆಗಳ ಮೇಲೆ ಪ್ರೋಗ್ರಾಂ ಬರೆದು ಒಳಗೆ ಕಳಿಸಿದರು. ಹೊರಗೆ ಬಂದದ್ದು ಮೊತ್ತದ ಕೋಷ್ಟಕಗಳು. ಯಾರು ಏನು ಕೇಳಿದರು ಎಂಬುದಕ್ಕೆ ಎಲ್ಲರೂ ನೋಡಬಹುದಾದ ಲೆಕ್ಕವಿದೆ.

ಇದರ ಪಕ್ಕದಲ್ಲಿ ಕೇರ್.ಡೇಟಾ ಇಟ್ಟು ನೋಡಿ. 2014ರ ಜನವರಿಯಲ್ಲಿ ಇಂಗ್ಲೆಂಡಿನ ಮನೆಮನೆಗೂ ಕಳಿಸಿದ ಒಂದು ಕರಪತ್ರ, ಪಿಜ್ಜಾ ಅಂಗಡಿಯ ಚೀಟಿಗಳ ಜೊತೆ ಎಷ್ಟೋ ಮನೆಗಳಲ್ಲಿ ಕಸದ ಬುಟ್ಟಿ ಸೇರಿತು. ಜನರ ಕಡತಗಳನ್ನು ಒಂದು ಕೇಂದ್ರಕ್ಕೆ ಎಳೆದುಕೊಳ್ಳುವ ಯೋಜನೆ ಅದು. ಫೆಬ್ರವರಿಯಲ್ಲೇ ನಿಂತಿತು, 2016ರಲ್ಲಿ ಮುಚ್ಚಿತು. 2021ರಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಕೇಳಿದರು. ವಾರಗಳಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ನಮ್ಮ ಮಾಹಿತಿ ಕೊಡುವುದಿಲ್ಲ ಎಂದು ಆಪ್ಟ್ ಔಟ್ ಮಾಡಿದರು, ಅದನ್ನೂ ಮುಂದೂಡಿದರು. ಜನ ವಿಜ್ಞಾನದ ವಿರೋಧಿಗಳು ಎಂದು ಕೆಲವರು ಹಲುಬಿದರು. ಬಾಗಿಲು ತಟ್ಟದೆ ಅಡುಗೆಮನೆಗೆ ನುಗ್ಗಿದವನನ್ನು ಯಾರು ಊಟಕ್ಕೆ ಕೂರಿಸುತ್ತಾರೆ?

ಹಾಗಾಗಿ ನಾವು ಕೇಳುವುದು ಇಷ್ಟು. ಕಡತ ಹೊರಗೆ ಹೋಗಬಾರದು. ಹೆಸರು ಅಳಿಸಿದರೆ ಸಾಕು ಎಂಬ ಸಮಾಧಾನ ನಮಗೆ ಬೇಡ. ಹುಟ್ಟಿದ ವರ್ಷ, ಹೆರಿಗೆಯ ದಿನ, ಒಂದು ಅಪರೂಪದ ಕಾಯಿಲೆ ಸೇರಿದರೆ ಹೆಸರಿಲ್ಲದೆಯೂ ಗುರುತು ಸಿಗುತ್ತದೆ. ಪ್ರತಿ ಪ್ರಶ್ನೆಯೂ, ಅದನ್ನು ಕೇಳಿದವರ ಹೆಸರೂ, ಹಣ ಕೊಟ್ಟವರ ಹೆಸರೂ ಬಯಲಲ್ಲಿರಬೇಕು. ಸಿಕ್ಕ ಉತ್ತರ ಸರ್ಜರಿಯ ಗೋಡೆಗೆ ಬರಬೇಕು, ನಮ್ಮ ಅತ್ತೆಗೂ ಓದಲಾಗುವ ಭಾಷೆಯಲ್ಲಿ. ಬೇಡ ಎಂದವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು.

ಇನ್ನು ನಮ್ಮವರಿಗೆ ಹೇಳಬೇಕಾದದ್ದು, ಇದು ಕಷ್ಟದ ಮಾತು. ನೋಂದಣಿ ಫಾರಂನಲ್ಲಿ ಜನಾಂಗದ ಕಲಂ ಬಂದಾಗ ನಮ್ಮಲ್ಲಿ ಅನೇಕರು ಖಾಲಿ ಬಿಡುತ್ತೇವೆ. ಇವರಿಗ್ಯಾಕೆ ಬೇಕು ನಮ್ಮ ಮೂಲ ಎಂಬ ಸಿಟ್ಟು ಸುಳ್ಳಲ್ಲ, ಅದರ ಹಿಂದೆ ಅನುಭವವಿದೆ. ಆದರೆ ನಲವತ್ತು ದಾಟಿದವರ ತಪಾಸಣೆಯಲ್ಲಿ ಹತ್ತು ವರ್ಷದೊಳಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಸಂಭವ ಎಷ್ಟು ಎಂದು ನರ್ಸ್ ಹೇಳುವ ಕ್ಯೂರಿಸ್ಕ್ ಅಂಕಿ ಹುಟ್ಟಿದ್ದೂ ಜಿಪಿ ದಾಖಲೆಗಳಿಂದಲೇ. 2008ರ ಆವೃತ್ತಿಯಿಂದ ಅದರಲ್ಲಿ ಭಾರತೀಯರಿಗೆ ಬೇರೆ ಲೆಕ್ಕವಿದೆ. ಆ ಕಲಂ ತುಂಬಿದವರು ಇದ್ದದ್ದರಿಂದ ಇದೆ. ನಾವೆಲ್ಲ ಹೊರಗುಳಿದರೆ ನಮ್ಮ ಹೃದಯವನ್ನು ಬಿಳಿಯರ ಅಳತೆಪಟ್ಟಿಯಲ್ಲೇ ಅಳೆಯುತ್ತಾರೆ. ನಮ್ಮೊಳಗೇ ಇದಕ್ಕೆ ಒಪ್ಪದ ಇಬ್ಬರಿದ್ದಾರೆ. ಅವರೂ ಸಹಿ ಹಾಕಿದ್ದಾರೆ, ಭಿನ್ನಮತದೊಂದಿಗೆ.

ಮೊದಲ ಕೆಲಸ ಬರುವ ರಾಜ್ಯೋತ್ಸವದ ದಿನ. ಸಭಾಂಗಣದಲ್ಲಿ ಬಿಸಿಬೇಳೆಬಾತಿನ ಸಾಲಿನ ಪಕ್ಕ ಒಂದು ಮೇಜು ಹಾಕುತ್ತೇವೆ. ಆಪ್ಟ್ ಔಟ್ ಮಾಡುವ ವಿಧಾನವೂ ಕಲಂ ತುಂಬುವ ವಿಧಾನವೂ ಒಂದೇ ಹಾಳೆಯ ಎರಡು ಬದಿಗೆ ಕನ್ನಡದಲ್ಲಿ ಅಚ್ಚಾಗಿರುತ್ತದೆ. ಯಾವ ಬದಿ ಓದಬೇಕೆಂದು ನಾವು ಹೇಳುವುದಿಲ್ಲ. ಕನ್ನಡಕ ಮರೆತು ಬಂದವರಿಗೆ ಎರಡನ್ನೂ ಓದಿ ಹೇಳಲು ಇಬ್ಬರು ಕೂತಿರುತ್ತಾರೆ.