ಊರ ಉಸಾಬರಿ ಯಾರದು?

"ಊರ ಉಸಾಬರಿ ನಮಗ್ಯಾಕ್ರಿ ಗುರುಗಳ?" ಎಂಬ ಮಾತನ್ನು ನಾವು ಪಾಲಕರ ಬಾಯಿಂದ ಎಷ್ಟೋ ಸಲ ಕೇಳಿದ್ದೇವೆ. ಮಗ ಕಲಿಯಬೇಕು, ನೌಕರಿ ಹಿಡಿಯಬೇಕು, ಪಂಚಾಯತಿ ಕಟ್ಟೆಯ ಕಡೆಗೆ ಹಾಯಬಾರದು ಎಂಬುದು ಅವರ ಆಶೆ. ಚುನಾವಣೆಯ ಕಾಲಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನೂ, ಖರ್ಚಿಗಾಗಿ ಹೊಲ ಒತ್ತೆ ಬಿದ್ದದ್ದನ್ನೂ ಕಂಡವರು ಹೀಗೆ ಹೇಳುವುದು ಸಹಜವೇ ಸರಿ. ಆದರೆ ನಮ್ಮ ಹಿರಿಯರು ಇನ್ನೊಂದು ಮಾತನ್ನೂ ಹೇಳಿ ಹೋಗಿದ್ದಾರೆ: ಹಾಳೂರಿಗೆ ಉಳಿದವನೇ ಗೌಡ. ಬಲ್ಲವರೆಲ್ಲ ಹಿಂದೆ ಸರಿದು ನಿಂತರೆ ಊರು ಯಾರ ಕೈಗೆ ಹೋಗುತ್ತದೆ ಎಂಬುದನ್ನು ನಾವು ಪಾಲಕರೂ ಶಿಕ್ಷಕರೂ ಕೂಡಿ ವಿಚಾರಿಸಬೇಕಾಗಿದೆ.

ನಮ್ಮದು ಜತ್ತ ತಾಲೂಕು. ಮಳೆಯನ್ನು ನಂಬಿ ಬಿತ್ತುವ ಸೀಮೆ. ಬೇಸಿಗೆ ಬಂತೆಂದರೆ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುವ ತಾಯಂದಿರು, ಕಬ್ಬು ಕಡಿಯಲು ದೂರ ಹೋಗುವ ಕುಟುಂಬಗಳು ನಮಗೆ ಹೊಸವಲ್ಲ. ನಳದ ನೀರು ಯಾವ ಓಣಿಗೆ ಮೊದಲು, ದೀಪ ಯಾವ ಕಂಬಕ್ಕೆ, ಗಟಾರ ಎಲ್ಲಿಂದ ಎಲ್ಲಿಗೆ ಎಂಬುದನ್ನು ನಿರ್ಣಯಿಸುವುದು ಮುಂಬಯಿಯೂ ಅಲ್ಲ, ದಿಲ್ಲಿಯೂ ಅಲ್ಲ, ಊರ ಪಂಚಾಯತಿ. 2015ರಿಂದ ಕೇಂದ್ರದ ಹಣಕಾಸು ಆಯೋಗದ ಹಣ ನೇರವಾಗಿ ಗ್ರಾಮಪಂಚಾಯತಿಗಳಿಗೇ ಬರುತ್ತಿದೆ. ಅಂದಮೇಲೆ ಉಸಾಬರಿ ನಮ್ಮದಲ್ಲದೆ ಇನ್ನಾರದು?

ಕಾಯದೆ ಏನು ಹೇಳುತ್ತದೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅಂದಿನಿಂದ 5 ವರ್ಷಕ್ಕೊಮ್ಮೆ ಪಂಚಾಯತಿ ಚುನಾವಣೆ ನಡೆಸುವುದು ಸಂವಿಧಾನದ ಆಜ್ಞೆ. ಮಹಾರಾಷ್ಟ್ರದಲ್ಲಿ 1958ರ ಗ್ರಾಮಪಂಚಾಯತಿ ಕಾಯದೆಯಂತೆ ಒಂದು ಪಂಚಾಯತಿಗೆ 7ರಿಂದ 17ರವರೆಗೆ ಸದಸ್ಯರು. ಮತ ಹಾಕಲು 18 ವರ್ಷ, ನಿಲ್ಲಲು 21 ವರ್ಷ ತುಂಬಿರಬೇಕು. ಸರಪಂಚರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ 2017ರಲ್ಲಿ ಬಂದು, 2020ರಲ್ಲಿ ಹೋಗಿ, 2022ರಲ್ಲಿ ಮತ್ತೆ ಬಂದಿತು. 1995ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ನಿಲ್ಲಬೇಕಾದರೆ 7ನೆಯ ಇಯತ್ತೆ ಪಾಸಾಗಿರಬೇಕು. ಹಾಗಾದರೆ ನಮ್ಮ ಶಾಲೆಯ ಪ್ರತಿಯೊಬ್ಬ ಹುಡುಗ-ಹುಡುಗಿಯೂ ನಾಳೆ ನಿಲ್ಲಬಲ್ಲವರೇ. ಆದರೆ ಸಿದ್ಧರಿದ್ದಾರೆಯೇ?

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಚುನಾವಣೆ ಸಮೀಪಿಸಿದಾಗ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸಂಜೆಯ ಹೊತ್ತು ಮನೆಗೆ ಬಂದ. ಕೈಯಲ್ಲಿ ಮರಾಠಿಯ ನಾಮಪತ್ರ. "ಎಲ್ಲೆಲ್ಲಿ ಸಹಿ ಮಾಡ್ಲಿ, ಅಷ್ಟ ಹೇಳ್ರಿ ಗುರುಗಳ" ಎಂದ. ಮತಗಟ್ಟೆಯ ಕೆಲಸಕ್ಕೆ ಹೋಗುವ ನಾವು ಒಬ್ಬ ಅಭ್ಯರ್ಥಿಯ ಅರ್ಜಿ ತುಂಬಿಕೊಡುವುದು ಸಲ್ಲದು. "ತುಂಬುವುದು ನಿನ್ನ ಕೆಲಸ. ಕೂತು ಓದು, ತಿಳಿಯದ ಶಬ್ದಕ್ಕೆ ಅರ್ಥ ಹೇಳುತ್ತೇವೆ" ಎಂದೆವು. ಆತ ಬೆರಳಿಟ್ಟು ಓದಿದ. ಬಿಲ್ಲು ಕೊಟ್ಟ 3 ತಿಂಗಳೊಳಗೆ ಪಂಚಾಯತಿಯ ಕರ ತುಂಬದವರು ಅನರ್ಹರು. ಸರಕಾರಿ ಜಾಗ ಒತ್ತಿಕೊಂಡವರು ಅನರ್ಹರು. ಶೌಚಾಲಯ ಬಳಸುವ ದಾಖಲೆ ಬೇಕು. 2001ರ ಸೆಪ್ಟೆಂಬರ್ 12ರ ನಂತರ ಹುಟ್ಟಿದ ಮಗುವಿನಿಂದ ಮಕ್ಕಳ ಸಂಖ್ಯೆ ಎರಡನ್ನು ಮೀರಿದ್ದರೆ ನಿಲ್ಲುವಂತಿಲ್ಲ. ಫಲಿತಾಂಶದ ನಂತರ 30 ದಿನಗಳಲ್ಲಿ ಖರ್ಚಿನ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ದರೆ ಗೆದ್ದವರಿಗೂ ಸೋತವರಿಗೂ ಅನರ್ಹತೆಯ ಭಯ ಉಂಟು.

ಓದುತ್ತ ಓದುತ್ತ ಆತ ತಲೆಯೆತ್ತಿ, "ನಮ್ಮ ಘರಪಟ್ಟಿ ಬಿಲ್ಲು ಬಂದು ಎರಡು ತಿಂಗಳಾತ್ರಿ, ತುಂಬೇ ಇಲ್ಲ" ಎಂದ. ಮರುದಿನ ಮುಂಜಾನೆ ಹೋಗಿ ತುಂಬಿ ಬಂದ. ಅಂದು ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಅವನಿಗೆ ಗಾದೆ ವಿಸ್ತರಿಸುವುದನ್ನು, ಸಂಧಿ ಬಿಡಿಸುವುದನ್ನು ಕಲಿಸಿದವರು ನಾವು. ಒಂದು ಅರ್ಜಿಯನ್ನು, ಒಂದು ಠರಾವನ್ನು ಓದಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಿರಲಿಲ್ಲ. ಓದು ಬಲ್ಲವನೊಬ್ಬ "ಎಲ್ಲಿ ಸಹಿ" ಎಂದು ಕೇಳಿದರೆ ಆ ಸಹಿಗೂ ಹೆಬ್ಬೆಟ್ಟಿಗೂ ಏನು ಅಂತರ?

ಕನ್ನಡ ಸಾಲಿ ಕಲಿತವರಿಗೆ ಪಂಚಾಯತಿ ಕಾಗದ ತಿಳಿಯುವುದಿಲ್ಲ ಎಂಬ ಚುಚ್ಚು ಮಾತನ್ನು ನಮ್ಮ ಮಕ್ಕಳು ಕೇಳುತ್ತಾರೆ. ಇದಕ್ಕೆ ಸಿಟ್ಟು ಉತ್ತರವಲ್ಲ. ರಾಜ್ಯದ ಕಾರಭಾರ ಮರಾಠಿಯಲ್ಲಿ ನಡೆಯುತ್ತದೆ. ಆ ಭಾಷೆಯನ್ನು ನಾವು ಶಾಲೆಯಲ್ಲಿ ಕಲಿಯುತ್ತೇವೆ, ಗೌರವದಿಂದ ಕಲಿಯಬೇಕು. ಆದರೆ ಮತದಾರಳಾದ ನಮ್ಮ ಅಜ್ಜಿ ನೀರಿನ ಕಷ್ಟ ಹೇಳುವುದು ಕನ್ನಡದಲ್ಲಿ. ಮರಾಠಿಯ ಠರಾವನ್ನು ಓದಿ ಅಜ್ಜಿಗೆ ಕನ್ನಡದಲ್ಲಿ ತಿಳಿಸಿ, ಅಜ್ಜಿಯ ಮಾತನ್ನು ಮರಾಠಿಯಲ್ಲಿ ಬರೆದು ಗ್ರಾಮಪಂಚಾಯತಿ ಅಧಿಕಾರಿಯ ಮುಂದಿಡುವವರು ಯಾರು? ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳೇ. ಕೊರತೆಯೆಂದು ಇತರರು ಎಣಿಸುವುದೇ ಅವರ ಬಂಡವಾಳ.

ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಮಾತು. 1983ರಲ್ಲಿ ಅಬ್ದುಲ್ ನಜೀರ್‌ಸಾಬರು ಕರ್ನಾಟಕದಲ್ಲಿ ತಂದ ಪಂಚಾಯತಿ ಕಾಯದೆ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯಾಯಿತು. ಮಹಾರಾಷ್ಟ್ರದಲ್ಲಿ 2011ರಿಂದ ಅರ್ಧ ಸ್ಥಾನಗಳು ಸ್ತ್ರೀಯರವು. ಆದರೂ ಹೆಂಡತಿಯ ಹೆಸರು ಫಲಕದ ಮೇಲೆ, ಗಂಡ ಕುರ್ಚಿಯ ಮೇಲೆ ಎಂಬ ನೋಟ ದೇಶದಲ್ಲಿ ಇನ್ನೂ ಮರೆಯಾಗಿಲ್ಲ. ಪಾಲಕರೇ, ಮಗಳಿಗೆ ರೊಟ್ಟಿ ಬಡಿಯಲು ಕಲಿಸಿದಂತೆ ಸಭೆಯಲ್ಲಿ ಎದ್ದು ನಿಂತು ಮಾತಾಡಲೂ ಕಲಿಸಿರಿ. ಗ್ರಾಮಸಭೆಗೆ ಮೊದಲು ಮಹಿಳಾ ಸಭೆ ಕರೆಯಬೇಕೆಂದು ಕಾಯದೆಯೇ ಹೇಳುತ್ತದೆ. ಮೊದಲು ಅಲ್ಲಿಗೆ ತಾಯಿ ಹೋಗಲಿ.

ಜಗಳ ಬೇಡವೆಂದು "ಬಿನವಿರೋಧ" ಆರಿಸುವುದು ಒಳಿತಲ್ಲವೇ ಎಂದು ಕೆಲವರು ಕೇಳುತ್ತಾರೆ. ಊರು ಕೂತು ವಿಚಾರ ಮಾಡಿ ಒಪ್ಪಿದರೆ ಒಳಿತೇ. ಹಿವರೆ ಬಜಾರದ ಜನ ಎಂ.ಕಾಂ. ಕಲಿತ ಪೋಪಟರಾವ ಪವಾರರನ್ನು ಹಾಗೆಯೇ ಸರಪಂಚರನ್ನಾಗಿ ಮಾಡಿದರು. ಆ ಬರಗಾಲದ ಊರಿನಲ್ಲಿ ಅವರು ಮಳೆನೀರನ್ನು ಅಳೆದು, ಎಷ್ಟಿದೆಯೋ ಅಷ್ಟಕ್ಕೇ ಬೆಳೆ ಗೊತ್ತುಮಾಡಿ, ಬೇಸಾಯಕ್ಕೆ ಕೊಳವೆಬಾವಿ ಬೇಡವೆಂದು ಊರನ್ನೇ ಒಪ್ಪಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಇನ್ನೊಂದು ಬಗೆಯ ಬಿನವಿರೋಧವೂ ಉಂಟು. ನಾಶಿಕ ಜಿಲ್ಲೆಯ ಉಮರಾಣೆ, ನಂದುರಬಾರ ಜಿಲ್ಲೆಯ ಖೋಂಡಾಮಳಿ ಗ್ರಾಮಗಳಲ್ಲಿ ಪದವಿಗಳನ್ನು ಲಿಲಾವು ಮಾಡಿದರೆಂದು ರಾಜ್ಯ ಚುನಾವಣಾ ಆಯೋಗವು 2021ರ ಜನವರಿಯಲ್ಲಿ ಅಲ್ಲಿಯ ಚುನಾವಣೆಯನ್ನೇ ರದ್ದುಪಡಿಸಿತು. ದೇವರ ಗುಡಿಯ ಹೆಸರು ಹೇಳಿದರೂ ಕೊಂಡ ಕುರ್ಚಿ ಕೊಂಡದ್ದೇ. ಹಣವಿಲ್ಲದವನ ಮಗನಿಗೆ ಅಲ್ಲಿ ಬಾಗಿಲು ಮುಚ್ಚಿತು. ಅದಕ್ಕಿಂತ ನೇರಾದ ಸ್ಪರ್ಧೆಯೇ ಲೇಸು.

ವಿದ್ಯಾರ್ಥಿಗಳೇ, ಸಿದ್ಧತೆ ಇಂದೇ ಆರಂಭವಾಗಲಿ. ಶಾಲಾ ಮಂತ್ರಿಮಂಡಲದ ಚುನಾವಣೆಗೆ ನಿಲ್ಲಿರಿ. ಸೋತರೆ ಗೆದ್ದವನಿಗೆ ಕೈ ಕೊಡಿರಿ. ಮನೆಯ ಘರಪಟ್ಟಿ, ನಮೂನಾ 8ರ ಉತಾರೆ, ಸಾತಬಾರಾ ತೆಗೆದು ತಂದೆಗೆ ಓದಿ ತೋರಿಸಿರಿ. ಗ್ರಾಮಸಭೆ ನಡೆಯುವ ದಿನ ಹಿರಿಯರ ಹಿಂದೆ ಕೂತು ಕೇಳಿರಿ. ಶೇಕಡಾ 15 ಮತದಾರರು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಕೂಡಿದರೆ ಸಭೆಯ ಕೋರಂ ಆಗುತ್ತದೆ. ಅಷ್ಟು ಜನರೂ ಸೇರದೆ ಸಭೆ ಮುಂದಕ್ಕೆ ಹೋದರೆ ಯಾರನ್ನು ದೂರೋಣ? ನಾವೂ ಈ ವರ್ಷದಿಂದ 9ನೆಯ ಇಯತ್ತೆಯ ಪತ್ರಲೇಖನದ ತಾಸಿಗೆ ಒಂದು ನಿಜವಾದ ಅರ್ಜಿಯನ್ನು ತಂದು ಓದಿಸಬೇಕೆಂದು ಮಾಡಿದ್ದೇವೆ.

ಆ ಹಳೆಯ ವಿದ್ಯಾರ್ಥಿ ಆ ಸಲ ಸೋತ. ಖರ್ಚಿನ ಲೆಕ್ಕವನ್ನು ತಾನೇ ಬರೆದು ವೇಳೆಗೆ ಸರಿಯಾಗಿ ಒಪ್ಪಿಸಿದ. ಇಂದಿಗೂ ಗ್ರಾಮಸಭೆ ತಪ್ಪಿಸುವುದಿಲ್ಲ. ಅವನು ಎದ್ದು ನಿಂತು, "ಈ ಠರಾವು ಕನ್ನಡದಾಗೂ ಒಮ್ಮೆ ಓದಿ ಹೇಳ್ರಿ" ಎಂದು ಕೇಳುವಾಗ ಹಿಂದಿನ ಸಾಲಿನ ಅಜ್ಜಿಯರೂ ಕಿವಿ ನಿಮಿರಿಸುತ್ತಾರೆ. ನಮ್ಮ ಶಾಲೆಯಿಂದ ಅಂಥವರು ಇನ್ನೂ ಹತ್ತು ಜನ ಹೊರಬೀಳಲಿ ಎಂಬುದೇ ನಮ್ಮ ಹಾರೈಕೆ.