ಆಪತ್ತಿಗೆ ಮುನ್ನ ಸಲ್ಲಬೇಕಾದ ಧನ

2023ರಲ್ಲಿ ಮುಂಗಾರು ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ, ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿಗಳ ನೆರವನ್ನು ಯಾಚಿಸಿ, ತಿಂಗಳುಗಟ್ಟಲೆ ಕಾದು, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದ ಮೇಲೆ, 2024ರ ಏಪ್ರಿಲ್ ತಿಂಗಳ ಕೊನೆಗೆ ಸುಮಾರು 3,450 ಕೋಟಿ ಬಿಡುಗಡೆಯಾಯಿತು. ಅಷ್ಟರಲ್ಲಿ ಬೆಳೆ ಒಣಗಿ, ಮುಂದಿನ ಬಿತ್ತನೆಯ ಕಾಲವೇ ಸಮೀಪಿಸಿದ್ದಿತು. ಯಾರ ಲೆಕ್ಕ ಸರಿಯೆಂಬ ವಿವಾದ ಹಾಗಿರಲಿ. ಆಪದ್ಧನವು ಅರ್ಜಿ, ಅಧ್ಯಯನ ತಂಡ, ವ್ಯಾಜ್ಯಗಳೆಲ್ಲ ಮುಗಿದ ತರುವಾಯ ದೊರೆಯುವ ಅನುಗ್ರಹವಾಗಿ ಉಳಿದಿರುವುದೇ ಅನ್ಯಾಯವೆಂದು ನಾನು ಬಗೆಯುತ್ತೇನೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2005ರ ವಿಪತ್ತು ನಿರ್ವಹಣಾ ಅಧಿನಿಯಮದ 48ನೆಯ ಪ್ರಕರಣವು ರಾಜ್ಯದಲ್ಲಿ ಮಾತ್ರವಲ್ಲದೆ ಜಿಲ್ಲೆಗಳಲ್ಲಿಯೂ, ಪರಿಹಾರಕ್ಕೊಂದು, ಉಪಶಮನಕ್ಕೊಂದು ಎಂದು ಪ್ರತ್ಯೇಕ ನಿಧಿಗಳನ್ನು ವಿಧಿಸಿತು. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗೆ ವಿಪತ್ತು ನಿರ್ವಹಣೆಗೆಂದು ರಾಜ್ಯಗಳಿಗೆಲ್ಲ ಸೇರಿ 1.6 ಲಕ್ಷ ಕೋಟಿಯನ್ನು ಗೊತ್ತುಪಡಿಸಿ, ಅದರಲ್ಲಿ ಶೇ. 20ನ್ನು, ವಿಪತ್ತು ಬಾರದಂತೆಯೋ, ಬಂದರೂ ಹಾನಿ ಕುಗ್ಗುವಂತೆಯೋ ಮಾಡುವ ಉಪಶಮನ ಕಾರ್ಯಕ್ಕೆಂದೇ ಮೀಸಲಿಟ್ಟಿತು. ಇದು ಸ್ವಾಗತಾರ್ಹವಾದ ಆರಂಭ, ಆದರೆ ಅಲ್ಪ.

1988ರಷ್ಟು ಹಿಂದೆಯೇ ಬರ ನಿಗಾ ಘಟಕವನ್ನು ಸ್ಥಾಪಿಸಿದ ನಾಡು ನಮ್ಮದು. ಅದರಿಂದ ಬೆಳೆದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಇಂದು ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಮಳೆಯನ್ನು ಅಳೆಯುತ್ತಿದೆ. ಮುನ್ನೆಚ್ಚರಿಕೆಯ ಈ ಜ್ಞಾನವು ಹಳ್ಳಿಯನ್ನು ತಲುಪಿದಾಗ, ಹೂಳು ತುಂಬಿದ ಮೋರಿಯನ್ನು ತೆರವುಗೊಳಿಸಲು, ಬಿರುಕುಬಿಟ್ಟ ಇಳಿಜಾರಿನ ಕೆಳಗಿನ ಮನೆಗಳವರನ್ನು ಹೊತ್ತಿಗೆ ಮುಂಚೆ ಕಾಳಜಿ ಕೇಂದ್ರಕ್ಕೆ ಸಾಗಿಸಲು, ತರಬೇತಾದ ಜನವನ್ನು ವರ್ಷವಿಡೀ ಸಂಬಳ ಕೊಟ್ಟು ಉಳಿಸಿಕೊಳ್ಳಲು ಸ್ಥಳೀಯ ಸಂಸ್ಥೆಯ ಬಳಿ ಹಣವಿಲ್ಲದಿದ್ದರೆ, ಆ ಜ್ಞಾನದಿಂದ ಏನು ಪ್ರಯೋಜನ? 2018ರ ಕೊಡಗು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು, ಗುಡ್ಡ ಕುಸಿದ ಬಳಿಕ ಎಷ್ಟು ವ್ಯಯಿಸಿದರೂ ಪ್ರಾಣ ಮರಳದೆಂಬುದನ್ನು ನಮಗೆ ತೋರಿಸಿಕೊಟ್ಟಿವೆ.

ಆದುದರಿಂದ ಪ್ರತಿ ಆಯವ್ಯಯದಲ್ಲಿಯೂ ಜಿಲ್ಲಾ ಉಪಶಮನ ನಿಧಿಗೆ ಬೇರೆ ಶೀರ್ಷಿಕೆಯಿರಬೇಕು. ಅದರ ಹಣ ಮುಂಗಾರಿಗೆ ಮುನ್ನವೇ ಜಿಲ್ಲೆಯ ಕೈಸೇರಬೇಕು. ಅದನ್ನು ಅನ್ಯಕಾರ್ಯಕ್ಕೆ ತಿರುಗಿಸಕೂಡದು. ಸುಭಿಕ್ಷದ ವರ್ಷದಲ್ಲಿ ಖರ್ಚಾಗದೆ ಉಳಿದ ಹಣವನ್ನು ಖಜಾನೆಗೆ ಹಿಂದೆಳೆದುಕೊಳ್ಳದೆ ಮುಂದಿನ ವರ್ಷಕ್ಕೆ ಸಾಗಿಸಬೇಕು. ಏಕೆಂದರೆ ವಿಪತ್ತು ಮಾರ್ಚ್ 31ರ ಲೆಕ್ಕಾಚಾರವನ್ನು ಅರಿಯದು. ರಾಜ್ಯವು ದೆಹಲಿಯಿಂದ ನಿರೀಕ್ಷಿಸುವ ಔದಾರ್ಯವನ್ನು ತನ್ನ ಪಂಚಾಯತಿಗಳಿಗೆ ತಾನೂ ತೋರುವುದು ಧರ್ಮ. ಈ ವರ್ಷದ ಗ್ರಾಮಸಭೆಯಲ್ಲಿ ಓದುಗರು ತಮ್ಮ ಪ್ರತಿನಿಧಿಗಳನ್ನು ನಿಲ್ಲಿಸಿ, ನಮ್ಮ ಊರಿನ ಪಾಲು ಎಷ್ಟು, ಅದು ಎಂದು ಬರುವುದು ಎಂದು ಕೇಳಲಿ.