ಖಾಲಿ ಬಿಡುವ ಅವಕಾಶವೂ ಬೇಕು

ಕಾಗದದ ಅರ್ಜಿಯಲ್ಲಿ ಗೊತ್ತಿಲ್ಲದ ಅಂಕಣವನ್ನು ಖಾಲಿ ಬಿಡುತ್ತಿದ್ದೆವು. ಅನ್ವಯಿಸದಿದ್ದರೆ ಗೆರೆ ಎಳೆಯುತ್ತಿದ್ದೆವು. ಗಣಕಯಂತ್ರದ ನಮೂನೆಗಳಲ್ಲಿ ಈ ಅನುಕೂಲ ಬಹುಮಟ್ಟಿಗೆ ಇಲ್ಲವಾಗಿದೆ. ಕೆಲವೆಡೆ ಉತ್ತರವನ್ನು ಮೊದಲೇ ಗುರುತು ಮಾಡಿಟ್ಟಿರುತ್ತಾರೆ. ಇನ್ನು ಕೆಲವೆಡೆ ಒಮ್ಮೆ ಒತ್ತಿದ ಗುಂಡಿಯನ್ನು ಬೇರೊಂದಕ್ಕೆ ಬದಲಿಸಬಹುದೇ ಹೊರತು ಯಾವುದೂ ಬೇಡವೆಂದು ಹಿಂದೆಗೆಯಲಾಗದು.

ಇದು ತಂತ್ರಾಂಶ ತಯಾರಕರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಬಳ್ಳಾರಿಯ ಜೀನ್ಸ್ ತಯಾರಕರೊಬ್ಬರು ಆಂಧ್ರಪ್ರದೇಶದ ಆದೋನಿಗೆ ಮಾಲು ಮಾರುತ್ತಾರೆಂದು ಭಾವಿಸೋಣ. ಬಿಲ್ಲಿನ ತಂತ್ರಾಂಶದಲ್ಲಿ ಪೂರೈಕೆಯ ಸ್ಥಳ 'ಕರ್ನಾಟಕ' ಎಂದು ಮೊದಲೇ ತುಂಬಿದ್ದು ಯಾರೂ ಗಮನಿಸದಿದ್ದರೆ, ಐಜಿಎಸ್‌ಟಿಯ ಬದಲು ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಬೀಳುತ್ತದೆ. ತಪ್ಪು ತಿಳಿದ ಬಳಿಕ ಸರಿಯಾದ ತೆರಿಗೆಯನ್ನು ಮತ್ತೊಮ್ಮೆ ಕಟ್ಟಿ, ಹಿಂದಿನದರ ಮರುಪಾವತಿಗೆ ಅರ್ಜಿ ಸಲ್ಲಿಸಬೇಕು. ಇದಕ್ಕೆ ಬಡ್ಡಿ ಇಲ್ಲವಾದರೂ ಅಷ್ಟು ದಿನ ಬಂಡವಾಳ ಸಿಲುಕಿಕೊಳ್ಳುತ್ತದೆ.

ಕುರುಗೋಡಿನ ಅಂಜೂರದ ವ್ಯಾಪಾರಿಗೆ ತಾಜಾ ಹಣ್ಣು ತೆರಿಗೆಮುಕ್ತ, ಒಣಹಣ್ಣಿಗೆ ತೆರಿಗೆಯುಂಟು. ದರದ ಅಂಕಣ ಖಾಲಿಯಿದ್ದಲ್ಲಿ ತಾನಾಗಿ ಸೊನ್ನೆ ತುಂಬುವ ತಂತ್ರಾಂಶವು ಒಣಹಣ್ಣನ್ನೂ ತೆರಿಗೆಮುಕ್ತವಾಗಿಸಿಬಿಡುತ್ತದೆ. ಸೊನ್ನೆ ಒಂದು ಉತ್ತರ; ಖಾಲಿ ಎಂದರೆ ಉತ್ತರ ಇನ್ನೂ ಬಂದಿಲ್ಲವೆಂದರ್ಥ.

ಸರ್ಕಾರಿ ವ್ಯವಸ್ಥೆಯಲ್ಲಿಯೂ ಮೌನಕ್ಕೆ ಅರ್ಥ ಕಲ್ಪಿಸಲಾಗಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ 2024ರ ಅಕ್ಟೋಬರ್ 14ರಂದು ಆರಂಭವಾದ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿ ಖರೀದಿದಾರರು ಬಿಲ್ಲನ್ನು ಸ್ವೀಕರಿಸಬಹುದು, ತಿರಸ್ಕರಿಸಬಹುದು ಅಥವಾ ಬಾಕಿ ಇರಿಸಬಹುದು. ಏನನ್ನೂ ಮಾಡದಿದ್ದರೆ ಅದು ಸ್ವೀಕೃತವೆಂದೇ ಪರಿಗಣಿತವಾಗುತ್ತದೆ. ನೂರಾರು ಬಿಲ್ಲುಗಳಿರುವವರಿಗೆ ಇದು ಅನುಕೂಲವೇ ಸರಿ. ಆದರೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಜಿಎಸ್‌ಟಿ ಸಂಖ್ಯೆಗೆ ಬೇರಾರದೋ ಬಿಲ್ ಕಣ್ತಪ್ಪಿನಿಂದ ಸೇರಿದ್ದರೆ, ಗಿರಣಿಯವರ ಮೌನವೇ ಒಪ್ಪಿಗೆಯಾಗುತ್ತದೆ. ಕೈಸೇರದ ಮಾಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಬಳಸಿಕೊಂಡರೆ ಮುಂದೆ ಬಡ್ಡಿಸಹಿತ ಹಿಂದಿರುಗಿಸಬೇಕಾದೀತು.

ಸರ್ಕಾರದ ನಮೂನೆಯನ್ನು ನಾವು ಬದಲಿಸಲಾರೆವು. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಮುನ್ನ ಆ ಪಟ್ಟಿಯನ್ನು ಖರೀದಿ ಪುಸ್ತಕದೊಡನೆ ತಾಳೆ ನೋಡಬಹುದು. ನಮ್ಮ ಅಂಗಡಿ, ಕಾರ್ಖಾನೆಗಳ ತಂತ್ರಾಂಶವಾದರೋ ನಮ್ಮ ಕೈಯಲ್ಲಿದೆ. ಅದನ್ನು ಕೊಳ್ಳುವಾಗ ಮೂರು ಸಂಗತಿಗಳನ್ನು ಕೇಳಿರಿ. ತೆರಿಗೆಗೆ ಸಂಬಂಧಿಸಿದ ಪ್ರತಿ ಪಟ್ಟಿಯೂ 'ಆಯ್ಕೆ ಮಾಡಿ' ಎಂದು ಖಾಲಿಯಾಗಿ ಆರಂಭವಾಗಲಿ. ಕಡ್ಡಾಯ ಅಂಕಣ ಖಾಲಿ ಉಳಿದರೆ ಬಿಲ್ ಅಲ್ಲಿಯೇ ನಿಲ್ಲಲಿ. ಐಚ್ಛಿಕವಾದಲ್ಲಿ 'ಅನ್ವಯಿಸುವುದಿಲ್ಲ' ಎಂಬ ಆಯ್ಕೆಯೂ, ಗುರುತನ್ನು ಅಳಿಸುವ ಅವಕಾಶವೂ ಇರಲಿ.

ಗುರುತು ಮಾಡಿದ್ದು ಯಂತ್ರವೇ ಆದರೂ ಲೆಕ್ಕಕ್ಕೆ ಉತ್ತರದಾಯಿಗಳು ನಾವೇ ಎಂಬುದನ್ನು ವರ್ತಕ ಬಾಂಧವರು ಮರೆಯಬಾರದು.